ಉಸಿರಿಗೊಂದು ಮನೆ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಐವತ್ತೆರಡು ನಿಮಿಷಕ್ಕೆ ಕನ್ನಡಕದಂಗಡಿಯವರು, ಎಲ್ಲರ ಬಾಯಲ್ಲಿ ಬರೀ 'ಕನ್ನಡಕದವರು', ಚರ್ಚಿನ ಗಾಯಕರ ಸಾಲಿನಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದರು. ಬಾಯಿಂದ ಸದ್ದು ಹೊರಡುತ್ತಿರಲಿಲ್ಲ. ಎದುರು ಗೋಡೆಯ ಗಡಿಯಾರ ನೇರವಾಗಿ ಕಣ್ಣಿಗೆ ಬೀಳುವ ಜಾಗ ಅದು. ಹಾಡುವವರು ಗಡಿಯಾರ ನೋಡಬಾರದು ಎಂದು ಹಾಡು ಕಲಿಸುವ ಟೀಚರಮ್ಮ ಎಷ್ಟೋ ಸಲ ಗದರಿದ್ದರು. ಹಾಡದೆ ನಿಂತವರಿಗೆ ನೋಡಲು ಇನ್ನೇನಿದೆ?

ಆರಾಧನೆ ಮುಗಿಸುವ ಕೊನೆಯ ಆಮೆನ್ ನಡೆಯುತ್ತಿತ್ತು. ಆ ಚರ್ಚಿನ ಆಮೆನ್ ಅಂದರೆ ಸಾಮಾನ್ಯದ್ದಲ್ಲ. ಒಂದೇ ಸ್ವರವನ್ನು ಹದಿನಾರು ಎಣಿಕೆಯವರೆಗೆ ಎಳೆಯಬೇಕು, ನಡುವೆ ಎಲ್ಲೂ ಹರಿಯಬಾರದು. ಎಣಿಕೆಯೂ ನಿಧಾನದ್ದು. ಒಬ್ಬ ಮನುಷ್ಯನ ಎದೆಯಲ್ಲಿ ಅಷ್ಟು ಗಾಳಿ ಹಿಡಿಸುವುದಿಲ್ಲ. ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡರೆ ಸ್ವರ ದಾರದ ಹಾಗೆ ತುಂಡಾಗುತ್ತದೆ. ಅದಕ್ಕೆ ಟೀಚರಮ್ಮ ಬಹಳ ಹಿಂದೆಯೇ ಒಂದು ವ್ಯವಸ್ಥೆ ಮಾಡಿದ್ದರು. ಪ್ರತಿಯೊಬ್ಬರೂ ಬೇರೆ ಬೇರೆ ಎಣಿಕೆಯಲ್ಲಿ ಉಸಿರು ತೆಗೆದುಕೊಳ್ಳಬೇಕು. ಒಬ್ಬರು ಮೂರರಲ್ಲಿ, ಇನ್ನೊಬ್ಬರು ಐದರಲ್ಲಿ, ಮತ್ತೊಬ್ಬರು ಎಂಟರಲ್ಲಿ. ಒಬ್ಬರು ಬಾಯಿ ಮುಚ್ಚಿದ ಆ ಒಂದು ಎಣಿಕೆಯಲ್ಲಿ ಪಕ್ಕದವರು ಕೂದಲೆಳೆಯಷ್ಟು ಜೋರು ಮಾಡಿ ಅವರ ಜಾಗ ತುಂಬಬೇಕು. ಆಗ ಕೆಳಗೆ ಕೂತವರಿಗೆ ಯಾರೂ ಉಸಿರಾಡುತ್ತಲೇ ಇಲ್ಲ ಅನ್ನಿಸುತ್ತದೆ.

ಆ ಎಣಿಕೆಗೆ ಗಾಯಕರು 'ಮನೆ' ಎನ್ನುತ್ತಿದ್ದರು, ಆಟದ ಹಲಗೆಯ ಮೇಲೆ ಕಾಯಿಗೆ ಮನೆ ಇರುವ ಹಾಗೆ. ಕನ್ನಡಕದವರ ಮನೆ ಹನ್ನೊಂದು.

ಹನ್ನೊಂದು ಬಂತು. ಅವರು ತಪ್ಪದೆ ಬಾಯಿ ಮುಚ್ಚಿ, ಉಸಿರು ಎಳೆದುಕೊಂಡು, ಮತ್ತೆ ಬಾಯಿ ತೆರೆದರು. ಹಾಡದವರಿಗೆ ಉಸಿರಿನ ಕೊರತೆ ಏನಿರುತ್ತದೆ? ಆದರೂ ಏಳು ತಿಂಗಳಿಂದ ಪ್ರತಿ ಭಾನುವಾರ ಅವರು ಇದನ್ನು ಚಾಚೂ ತಪ್ಪದೆ ಮಾಡಿಕೊಂಡು ಬಂದಿದ್ದರು. ಹದಿನೈದು ಬಂದಾಗ ಅವರ ಎಡಗಿವಿ ತಾನಾಗಿ ಚುರುಕಾಯಿತು. ಅಲ್ಲಿ ಸ್ವರ ಒಂದಿಷ್ಟು ಕುಗ್ಗಿ ಮತ್ತೆ ಏಳಬೇಕಿತ್ತು. ಕುಗ್ಗಲಿಲ್ಲ. ಆ ಜಾಗ ಈಗ ಸಮತಟ್ಟು.

ಹದಿನೈದು ಅವರ ಅಣ್ಣನ ಮನೆಯಾಗಿತ್ತು.

*

ಅಣ್ಣ ತಮ್ಮ ಇಬ್ಬರೂ ಸೇರಿ ನಡೆಸುತ್ತಿದ್ದದ್ದು ಕನ್ನಡಕದ ಅಂಗಡಿ. ಅಣ್ಣ ಮುಂದಿನ ಕೋಣೆಯಲ್ಲಿ, ತಮ್ಮ ಹಿಂದಿನ ಕೋಣೆಯಲ್ಲಿ. ಬಂದವರನ್ನು ಕೂರಿಸಿ, ಗೋಡೆಯ ಅಕ್ಷರ ಓದಿಸಿ, ಕಿವಿಗೆ ಕಡ್ಡಿ ಒತ್ತುತ್ತದೆಯೇ ಎಂದು ವಿಚಾರಿಸಿ, "ಈ ಫ್ರೇಮ್ ಹಾಕ್ಕೊಂಡ್ರೆ ನಿಮ್ಮ ಅತ್ತೆಯೂ ನಿಮಗೆ ಹೆದರ್ತಾರೆ" ಎಂದು ನಗಿಸಿ ಕಳಿಸುವುದು ಅಣ್ಣನ ಕೆಲಸ. ತಮ್ಮನದು ಸಾಣೆಚಕ್ರದ ಮುಂದೆ. ಚಕ್ರದ ಮೇಲೆ ಸಣ್ಣ ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಗಾಜಿನ ಅಂಚನ್ನು ಅದಕ್ಕೆ ಒತ್ತಿ, ತಿರುಗಿಸಿ, ತೆಗೆದು, ಫ್ರೇಮಿಗೆ ಹಿಡಿದು ನೋಡಿ, ಮತ್ತೆ ಒತ್ತಬೇಕು. ಮೈಮೇಲೆಲ್ಲ ಬಿಳಿ ಕೆಸರು ಹಾರುತ್ತದೆ. ಸಂಜೆ ಹೊತ್ತಿಗೆ ಬೆರಳ ತುದಿಗಳು ಮರಗಟ್ಟಿರುತ್ತವೆ.

ಚರ್ಚಿನವರು ಅಣ್ಣನನ್ನು ದೊಡ್ಡ ಕನ್ನಡಕದವರು ಎಂದೂ ತಮ್ಮನನ್ನು ಚಿಕ್ಕ ಕನ್ನಡಕದವರು ಎಂದೂ ಕರೆಯುತ್ತಿದ್ದರು. ಅಣ್ಣ ಹೋದ ಮೇಲೆ ಯಾರೂ ಹೇಳಿಕೊಡದೆಯೇ 'ಚಿಕ್ಕ' ಎಂಬ ಮಾತು ಉದುರಿಹೋಯಿತು. ಮೊದಲ ಸಲ ಬರೀ "ಕನ್ನಡಕದವರೇ" ಎಂದು ಯಾರೋ ಕೂಗಿದಾಗ ಅವರು ತಿರುಗಿ ನೋಡಲೇ ಇಲ್ಲ. ಅಣ್ಣನನ್ನು ಕರೆಯುತ್ತಿದ್ದಾರೆ ಅಂದುಕೊಂಡಿದ್ದರು.

ಅಣ್ಣ ನಿದ್ದೆಯಲ್ಲೇ ಹೋದದ್ದು. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಸಮಾಧಿಯ ದಿನ ಗಾಯಕರು ಅದೇ ಉದ್ದದ ಆಮೆನ್ ಹಾಡಿದರು. ತಮ್ಮ ಬಾಯಿ ತೆರೆದರು, ಸ್ವರ ಬರಲಿಲ್ಲ. ದುಃಖ ಒತ್ತರಿಸಿ ಬಂದಿದೆ ಎಂದು ಜನ ಬೆನ್ನು ಸವರಿದರು. ನಿಜ ಹೇಳಬೇಕೆಂದರೆ ಅವರಿಗೆ ದುಃಖವೂ ಒತ್ತರಿಸಿರಲಿಲ್ಲ. ಶೂ ಒಳಗೆ ಒಂದು ಕಲ್ಲು ಸೇರಿಕೊಂಡಿತ್ತು. ಮಣ್ಣು ಹಾಕಿ ಮುಗಿಯುವವರೆಗೂ ಅವರು ಯೋಚಿಸಿದ್ದು ಆ ಕಲ್ಲಿನ ಬಗ್ಗೆ. ಮುಂದಿನ ವಾರ ಅಂಗಡಿಯ ಬಾಗಿಲು ತೆಗೆದು, ಅಣ್ಣ ಅಳತೆ ತೆಗೆದುಕೊಂಡಿದ್ದ ಕೊನೆಯ ಕನ್ನಡಕವನ್ನು ಕೂತು ಮುಗಿಸಿ ಕೊಟ್ಟರು. ಗಾಜು ಸರಿಯಾಗಿಯೇ ಕೂತಿತು.

ಮಾತು ಬರುತ್ತಿತ್ತು, ಕೆಮ್ಮು ಬರುತ್ತಿತ್ತು, ಗಿರಾಕಿಗಳಿಗೆ ಲೆನ್ಸಿನ ಪವರ್ ಹೇಳಲು ಧ್ವನಿ ಎಂದಿನ ಹಾಗೇ ಇತ್ತು. ಹಾಡಲು ಹೋದರೆ ಮಾತ್ರ ಬರೀ ಗಾಳಿ. ಗಂಟಲಿನ ಡಾಕ್ಟರು ಕನ್ನಡಿ ಹಿಡಿದು ಇಣುಕಿ, "ಒಳಗೆ ಎಲ್ಲಾ ಸರಿ ಇದೆ, ಹಾಡಿ" ಎಂದರು. ಅವರು ಹಾಡಿದರು. ಡಾಕ್ಟರು ಸ್ವಲ್ಪ ಹೊತ್ತು ಕಾದು, "ಬಿಸಿನೀರು ಕುಡೀರಿ" ಎಂದು ಮುಂದಿನವರನ್ನು ಕರೆದರು.

ಮನೆಯಲ್ಲಿ ಹೆಂಡತಿ ಬಚ್ಚಲ ಬಾಗಿಲು ಬಡಿಯುವುದನ್ನು ನಿಲ್ಲಿಸಿದ್ದಳು. ಮೊದಲೆಲ್ಲ ಅವರು ಸ್ನಾನಕ್ಕೆ ಹೋದರೆ ಆ ಮಂದ್ರದ ಧ್ವನಿಗೆ ತಂಬಿಗೆಯೂ ಗುಂಯ್‌ಗುಡುತ್ತಿತ್ತು. ಹೆಂಡತಿ ಹೊರಗಿಂದ, "ರೀ, ನೀರು ಖಾಲಿಯಾದ್ರೂ ಹಾಡು ಖಾಲಿಯಾಗಲ್ವಾ?" ಎಂದು ಬಾಗಿಲಿಗೆ ಗುದ್ದುತ್ತಿದ್ದಳು. ಈಗ ನೀರಿನ ಸದ್ದು ಮಾತ್ರ. ಒಂದು ದಿನ ಸುಮ್ಮನೆ ಬಂದು ಬಾಗಿಲು ಬಡಿದಳು.

"ಏನೇ?"

"ಏನಿಲ್ಲ. ಇದ್ದೀರಾ ಅಂತ ನೋಡಿದೆ."

"ಇದ್ದೀನಿ."

"ಸರಿ ಹಾಗಾದ್ರೆ," ಎಂದು ಒಳಗೆ ಹೋದಳು.

ಚರ್ಚಿಗೆ ಹೋಗುವುದನ್ನು ಮಾತ್ರ ಅವರು ಬಿಡಲಿಲ್ಲ. ಪಾದ್ರಿಗಳು ಪ್ರಸಂಗದಲ್ಲಿ ಸಭೆಯ ಐಕ್ಯದ ಬಗ್ಗೆ ಮಾತಾಡಿದರು. ಎಲ್ಲರೂ ಸೇರಿ ಒಂದು, ಆ ಒಂದರಲ್ಲಿ ಪ್ರತಿಯೊಬ್ಬರಿಗೂ ಜಾಗ ಉಂಟು ಎಂದರು. ಕನ್ನಡಕದವರು ಪ್ರತಿಯೊಂದು ಪದವನ್ನೂ ಕೇಳಿಸಿಕೊಂಡರು, ಪಕ್ಕದ ಮನೆಯ ರೇಡಿಯೊ ಕೇಳಿಸಿಕೊಂಡ ಹಾಗೆ. ಕರ್ತನ ಭೋಜನದ ದಿನ ಕೈಯೊಡ್ಡಿ ರೊಟ್ಟಿಯ ಚೂರು ತೆಗೆದುಕೊಂಡರು. ನಾಲಿಗೆಯ ಮೇಲೆ ಅದು ಕಾಗದದಂತೆ ಅಂಟಿಕೊಂಡು ಆಮೇಲೆ ಕರಗಿತು. ಪ್ರಾರ್ಥನೆ ಬೇಡವೆನ್ನಿಸಲಿಲ್ಲ. ಬೇಕು ಅಂತಲೂ ಅನ್ನಿಸಲಿಲ್ಲ.

ಅವರ ಕೆಲಸದಲ್ಲಿ ಒಂದು ಪರೀಕ್ಷೆ ಉಂಟು. ಕಾಗದದ ಮೇಲೆ ಪ್ಲಸ್ ಗುರುತಿನ ಹಾಗೆ ಎರಡು ಗೆರೆ ಎಳೆದು, ಅದರ ಮೇಲೆ ಲೆನ್ಸ್ ಹಿಡಿದು ಅತ್ತಿತ್ತ ಆಡಿಸಬೇಕು. ಪವರ್ ಇರುವ ಗಾಜಾದರೆ ಕೆಳಗಿನ ಗೆರೆಯೂ ಅಲುಗುತ್ತದೆ, ಒಂದು ಬಗೆಯ ಗಾಜಿನಲ್ಲಿ ಕೈ ಹೋದ ಕಡೆಗೆ, ಇನ್ನೊಂದರಲ್ಲಿ ಅದರ ಎದುರು ದಿಕ್ಕಿಗೆ. ಬರೀ ಗಾಜಾದರೆ ಎಷ್ಟು ಆಡಿಸಿದರೂ ಗೆರೆ ಇದ್ದಲ್ಲೇ ಇರುತ್ತದೆ. ಕೆಲವರು ಅಂದಕ್ಕೆಂದು ಬರೀ ಗಾಜಿನ ಕನ್ನಡಕ ಹಾಕಿಸಿಕೊಳ್ಳುತ್ತಾರೆ. ಅಣ್ಣ ಅಂಥವರನ್ನು ಕಂಡರೆ ಒಳಗೆ ಬಂದು, "ಲೋ, ಇನ್ನೊಂದು ಕಿಟಕಿ ಬಂತು, ಗಾಜು ಹಾಕಿಕೊಡು" ಎಂದು ಪಿಸುಗುಟ್ಟುತ್ತಿದ್ದ.

ಈಗ ಗಾಯಕರ ಸಾಲಿನಲ್ಲಿ ತಾನು ನಿಂತಿರುವುದು ಹಾಗೆಯೇ ಅಂತ ಕನ್ನಡಕದವರಿಗೆ ಒಂದು ಮಧ್ಯಾಹ್ನ ಅನ್ನಿಸಿತು. ಫ್ರೇಮ್ ಇದೆ, ಗಾಜಿದೆ, ಪವರ್ ಇಲ್ಲ. ನಿಲುವಂಗಿ ತೊಟ್ಟು, ಬಾಯಿ ತೆರೆದು, ಹಾಡುವವರ ನಡುವೆ ಜಾಗ ಹಿಡಿದುಕೊಂಡು ನಿಲ್ಲುವುದು ಸರಿಯಲ್ಲ. ಯಾರಿಗೂ ತಿಳಿಯುವ ಮುಂಚೆ ಮರ್ಯಾದೆಯಾಗಿ ಬಿಟ್ಟುಬಿಡಬೇಕು. ಹೀಗಂದುಕೊಂಡಾಗಲೂ ಅವರಿಗೆ ಬೇಸರವಾಗಲಿಲ್ಲ. ಲೆಕ್ಕ ಸರಿಹೋಯಿತು ಅನ್ನಿಸಿತು, ಅಷ್ಟೆ.

*

ಮೊದಲು ಹೇಳಬೇಕಾದದ್ದು ಬನ್ನಣ್ಣನಿಗೆ.

ಬನ್ನಣ್ಣ ಅಂದರೆ ಬೇಕರಿಯವರು. ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಗಾಯಕರ ಸಾಲಿನಲ್ಲಿ ಕನ್ನಡಕದವರ ಬಲಕ್ಕೆ ನಿಲ್ಲುತ್ತಿದ್ದದ್ದು ಅವರೇ. ಹಿಟ್ಟಿನ ಧೂಳು ಕುಡಿದೂ ಕುಡಿದೂ ಅವರ ಎದೆಯಲ್ಲಿ ಗಾಳಿ ಕಡಿಮೆ, ಹೀಗಾಗಿ ಅವರಿಗೊಬ್ಬರಿಗೆ ಮಾತ್ರ ಎರಡು ಮನೆ, ಐದು ಮತ್ತು ಹನ್ನೆರಡು. "ಊರಿಗೆಲ್ಲ ಒಂದೊಂದು ಮನೆ, ಬನ್ನಣ್ಣನಿಗೆ ಎರಡು. ನಿಮ್ಮ ಮನೆಯವರಿಗೆ ಗೊತ್ತಾ?" ಎಂದು ಅಣ್ಣ ಎಷ್ಟು ಸಲ ರೇಗಿಸಿದ್ದನೋ ಲೆಕ್ಕವಿಲ್ಲ. ಪ್ರತಿ ಸಲವೂ ಬನ್ನಣ್ಣ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ಬುಧವಾರ ಬನ್ನಣ್ಣನ ಹೊಸ ಕನ್ನಡಕ ಸಿದ್ಧವಾಗಿತ್ತು. ಕನ್ನಡಕದವರು ಅದನ್ನು ತಾವೇ ತೆಗೆದುಕೊಂಡು ಬೇಕರಿಯ ಹಿಂಬಾಗಿಲಿಗೆ ಹೋದರು. ಒಲೆಯ ಬಿಸಿ ಮುಖಕ್ಕೆ ರಾಚಿತು. ಬನ್ನಣ್ಣ ತಟ್ಟೆಯಲ್ಲಿ ಹಿಟ್ಟಿನ ಉಂಡೆಗಳನ್ನು ಒಂದಕ್ಕೊಂದು ತಾಕುವಂತೆ ಸಾಲಾಗಿ ಇಡುತ್ತಿದ್ದರು.

"ಬನ್ನಿ ಬನ್ನಿ. ಕೈಯೆಲ್ಲ ಹಿಟ್ಟು, ನೀವೇ ಹಾಕಿಬಿಡಿ."

ಕನ್ನಡಕದವರು ಹಾಕಿದರು. "ಕಿವಿ ಹಿಂದೆ ಬಿಗಿ ಇದ್ಯಾ?"

"ಇಲ್ಲ. ಅಯ್ಯೋ, ಈ ತಟ್ಟೆ ಇಷ್ಟು ಕೊಳಕಾಗಿತ್ತಾ? ಹಳೇದೇ ಚೆನ್ನಾಗಿತ್ತು ಬಿಡಿ."

"ಬನ್ನಣ್ಣ, ನಾನು ಕ್ವಾಯರ್ ಬಿಡ್ತೀನಿ."

ಬನ್ನಣ್ಣ ಇನ್ನೊಂದು ಉಂಡೆ ಇಟ್ಟರು. "ಯಾಕೆ?"

"ನಾನು ಹಾಡ್ತಿಲ್ಲ."

"ಗೊತ್ತು."

ಕನ್ನಡಕದವರು ಅವರ ಮುಖ ನೋಡಿದರು. ಹೊಸ ಗಾಜಿನ ಮೇಲೆ ಒಲೆಯ ಹಬೆ ಕೂತು ಕಣ್ಣು ಕಾಣುತ್ತಿರಲಿಲ್ಲ.

"ಯಾವಾಗಿಂದ ಗೊತ್ತು?"

"ಮಣ್ಣು ಮಾಡಿದ ದಿನದ್ದು ಬಿಡಿ, ಅದು ಲೆಕ್ಕಕ್ಕಿಲ್ಲ. ಅದರ ಮುಂದಿನ ಭಾನುವಾರದಿಂದ."

"ನಾನು ಬಾಯಿ ಆಡಿಸ್ತಿದ್ದೆನಲ್ಲ. ಮನೇನೂ ತಪ್ಪಿಸಿಲ್ಲ."

"ಅದೇ ಎಡವಟ್ಟಾಗಿದ್ದು ನೋಡಿ." ಬನ್ನಣ್ಣ ಸಾಲಿನ ನಡುವಿನಿಂದ ಒಂದು ಉಂಡೆ ಎತ್ತಿ ತೋರಿಸಿದರು. "ಹನ್ನೊಂದರಲ್ಲಿ ನೀವು ಬಾಯಿ ಮುಚ್ಚಿದ್ರೆ ಇಲ್ಲೊಂದು ಗುಂಡಿ ಬೀಳುತ್ತೆ. ಅದನ್ನ ತುಂಬೋಕೆ ನಾನು ಒಂಚೂರು ಜೋರು ಮಾಡ್ಬೇಕು. ಎಷ್ಟು ವರ್ಷದ ಅಭ್ಯಾಸ ಅದು, ಕಣ್ಣು ಮುಚ್ಕೊಂಡು ಮಾಡ್ತೀನಿ. ಆವತ್ತು ನೀವು ಬಾಯಿ ಮುಚ್ಚಿದ್ರಿ, ನಾನು ಜೋರು ಮಾಡಿದೆ. ನನ್ನ ಧ್ವನಿಯೊಂದೇ ಸಂತೆಯಲ್ಲಿ ಕೂಗಿದ ಹಾಗೆ ಎದ್ದು ನಿಂತುಬಿಡ್ತು! ಟೀಚರಮ್ಮ ಹೀಗೆ ಹುಬ್ಬು ಹಾರಿಸಿದ್ರು. ಗುಂಡಿನೇ ಬೀಳದೆ ಇದ್ರೆ ನಾನು ತುಂಬೋದು ಏನನ್ನ? ನಿಮ್ಮ ಧ್ವನಿ ಮೊದಲಿನಿಂದ್ಲೇ ಇರಲಿಲ್ಲ."

"ಹಾಗಾದ್ರೆ ಟೀಚರಮ್ಮನಿಗೂ..."

"ಅವರಿಗೆ ಗೊತ್ತಿಲ್ದೆ ಇರೋದು ಏನಿದೆ? ನೀವು ರಾತ್ರಿ ಎಷ್ಟು ಸಲ ಮಗ್ಗುಲು ಬದಲಾಯಿಸ್ತೀರಿ ಅಂತಾನೂ ಗೊತ್ತಿರುತ್ತೆ. ಡ್ರೈವರಿಗೂ ಗೊತ್ತು. ಮೊದಲು ನನ್ನ ಹನ್ನೆರಡನ್ನ ನೀವು ತುಂಬ್ತಿದ್ರಿ, ಈಗ ಅವನು ತುಂಬ್ತಾನೆ. ಎರಡು ವಾರ ಒದ್ದಾಡಿದ, ಆಮೇಲೆ ಕುದುರ್ತು."

ಡ್ರೈವರ್ ಅಂದರೆ ಬಸ್ ಓಡಿಸುವವನು, ಎಂಟನೆಯ ಮನೆಯವನು. ಈ ಏಳು ತಿಂಗಳೂ ಅವನು ಇವರ ಹತ್ತಿರ ಹವಾಮಾನದ ವಿಷಯ ಬಿಟ್ಟು ಇನ್ನೇನೂ ಮಾತಾಡಿರಲಿಲ್ಲ.

"ಒಂದು ಮಾತು ಹೇಳಬಹುದಿತ್ತು ಬನ್ನಣ್ಣ."

"ಹೇಳಿ ಏನ್ಮಾಡೋದು? ನಿಮ್ಮ ಗಂಟಲಿಗೆ ಈಸ್ಟ್ ಹಾಕಿ ಉಬ್ಬಿಸೋಕಾಗುತ್ತಾ?" ಬನ್ನಣ್ಣ ಎತ್ತಿದ ಉಂಡೆಯನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟು, ಮೆಲ್ಲಗೆ ಒತ್ತಿದರು. "ಹೇಳಿದ್ರೆ ನೀವು ಬಿಟ್ಟು ಹೋಗ್ತಿದ್ರಿ. ಈಗ ಹೋಗ್ತೀನಿ ಅಂತಿದ್ದೀರಲ್ಲ, ಹಾಗೆ."

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ಮನಸ್ಸು ಕರಗುತ್ತಿತ್ತೇನೋ. ಕನ್ನಡಕದವರಿಗೆ ಹಾಗಾಗಲಿಲ್ಲ. ದಾರಿಯುದ್ದಕ್ಕೂ ಅವರು ಯೋಚಿಸಿದ್ದು ಒಂದೇ, ಎಲ್ಲರಿಗೂ ಗೊತ್ತಿತ್ತು. ತನ್ನದು ಬರೀ ಗಾಜು ಎಂದು ಗೊತ್ತಿದ್ದೂ ಅವರೆಲ್ಲ ನೋಡಿಯೂ ನೋಡದವರಂತೆ ಇದ್ದರು. ತನ್ನ ಪಾಲಿನ ಭಾರವನ್ನು ಏಳು ತಿಂಗಳಿಂದ ಬೇರೆಯವರು ಹೊತ್ತಿದ್ದರು, ಎದೆಯಲ್ಲಿ ಗಾಳಿ ಇಲ್ಲದ ಬನ್ನಣ್ಣನೂ ಸೇರಿ. ಬಿಡಲು ಮೊದಲು ಒಂದು ಕಾರಣ ಇತ್ತು, ಈಗ ಎರಡಾದವು.

ಮನೆಗೆ ಬಂದು ಬೀರುವಿನಿಂದ ಕಪ್ಪು ನಿಲುವಂಗಿ ತೆಗೆದು ಮಡಚತೊಡಗಿದರು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ವಾಪಸ್ ಕೊಡ್ತೀರಾ?"

"ನಾಳೆ ಅಭ್ಯಾಸಕ್ಕೆ ಹೋದಾಗ ಕೊಡ್ತೀನಿ."

ಆಕೆ ಅದನ್ನು ಅವರ ಕೈಯಿಂದ ತೆಗೆದುಕೊಂಡು ಬಿಡಿಸಿ ಮೇಜಿನ ಮೇಲೆ ಹಾಸಿದಳು. "ಹೀಗೆ ಮುದ್ದೆ ಮಾಡಿ ಕೊಡ್ತಾರಾ? ಕೊಡೋದಾದ್ರೆ ಮರ್ಯಾದೆಯಾಗಿ ಕೊಡಿ," ಎಂದು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಹಾಕಿದಳು. ಕಾಲರ್ ತಿಕ್ಕುವಾಗ ಮಾತ್ರ, ತಲೆ ಎತ್ತದೆ, "ಆ ಹಿಂದಿನ ಸಾಲಿನಲ್ಲಿ ನೀವು ಅಣ್ಣತಮ್ಮ ಇಬ್ಬರೂ ನಿಂತಿರೋದು ನೋಡಿನೇ ನಮ್ಮಪ್ಪ ಮದುವೆಗೆ ಒಪ್ಪಿದ್ದು," ಎಂದಳು.

"ಗೊತ್ತು."

"ಗೊತ್ತಿದ್ರೆ ಸರಿ."

*

ಗುರುವಾರ ಸಂಜೆಯ ಅಭ್ಯಾಸ ಚರ್ಚಿನ ಪಕ್ಕದ ಕೋಣೆಯಲ್ಲಿ. ಒಂದು ಹಳೆಯ ಪಿಯಾನೊ, ಗೋಡೆಗೆ ಕಪ್ಪು ಹಲಗೆ, ಒಂದರ ಮೇಲೊಂದು ಪೇರಿಸಿಟ್ಟ ಕುರ್ಚಿಗಳು, ನಿಲುವಂಗಿ ತೂಗುಹಾಕುವ ಮೊಳೆಗಳ ಸಾಲು. ಕನ್ನಡಕದವರು ಬಟ್ಟೆಯ ಚೀಲವನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತರು. ಅಭ್ಯಾಸ ಶುರುವಾಗುವ ಮೊದಲೇ ಕೊಟ್ಟು ಹೊರಡಬೇಕು ಎಂದುಕೊಂಡಿದ್ದರು. ಆದರೆ ಅಷ್ಟರಲ್ಲಿ ಟೀಚರಮ್ಮ ಒಬ್ಬ ಹೊಸಬನನ್ನು ಮುಂದೆ ಮಾಡಿಕೊಂಡು ಒಳಗೆ ಬಂದರು.

ಟೀಚರಮ್ಮನಿಗೆ ಎಂಬತ್ತು ದಾಟಿತ್ತು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಕೈಯಲ್ಲಿ ಬೆತ್ತದ ಬದಲು ಪೆನ್ಸಿಲ್, ಆದರೆ ಕೂತವರೆಲ್ಲ ಅದನ್ನು ಬೆತ್ತವೆಂದೇ ತಿಳಿದು ನೆಟ್ಟಗಾಗುತ್ತಿದ್ದರು.

"ಇವನು ಅಂಚೆ ಕಚೇರಿಗೆ ವರ್ಗ ಆಗಿ ಬಂದಿದ್ದಾನೆ. ಮಂದ್ರದ ಧ್ವನಿ. ನಮ್ಮಲ್ಲಿ ಸೇರ್ತಾನಂತೆ," ಎಂದರು. "ಬಾಯಿ ಬಿಡಪ್ಪ, ಉಸಿರು ನೋಡೋಣ."

ಹೊಸಬರಿಗೆ ಆ ಕೋಣೆಯಲ್ಲಿ ಇದ್ದದ್ದು ಒಂದೇ ಪರೀಕ್ಷೆ. ಪಿಯಾನೊದ ಪಕ್ಕ ನಿಂತು ಸ್ವರ ಹಿಡಿಯಬೇಕು. ಟೀಚರಮ್ಮ ಪೆನ್ಸಿಲಿನಿಂದ ಮುಚ್ಚಳದ ಮೇಲೆ ತಟ್ಟುತ್ತಾ ಎಣಿಸುತ್ತಾರೆ. ಉಸಿರು ಎಲ್ಲಿ ಸಾಲದೆ ಹೋಯಿತೋ ಅದನ್ನು ಹಾಡಿದವರು ತಮ್ಮ ಬಾಯಿಂದಲೇ ಹೇಳಬೇಕು. ಅದೇ ಅವರ ಮನೆ. "ನಿಮ್ಮ ಉಸಿರು ಎಲ್ಲಿ ಕೈಕೊಡುತ್ತೆ ಅಂತ ನಿಮಗೇ ಗೊತ್ತು. ಮನೆ ಹಂಚೋಕೆ ನಾನು ಯಾರು?" ಎನ್ನುವುದು ಟೀಚರಮ್ಮನ ಮಾತು. ಒಮ್ಮೆ ಹೇಳಿದರೆ ಮುಗಿಯಿತು, ಆಮೇಲೆ ಅದನ್ನು ಕೇಳುವವರಿಲ್ಲ.

ಅಂಚೆಯವನು ಸ್ವರ ಹಿಡಿದ. ಹದಿನಾರು ಮುಗಿದರೂ ಅವನ ಮುಖ ಕೆಂಪಾಗಲಿಲ್ಲ. ಬೀದಿ ಬೀದಿ ಸೈಕಲ್ ತುಳಿದ ಎದೆ. "ಇವನಿಗೆ ಮನೇನೇ ಬೇಡ, ಬಯಲಲ್ಲಿ ಮಲಗಲಿ!" ಎಂದರು ಬನ್ನಣ್ಣ. ಎಲ್ಲರೂ ನಕ್ಕರು.

"ಮನೆ ಬೇಕು," ಎಂದರು ಟೀಚರಮ್ಮ. "ಇವತ್ತು ಇರೋ ಎದೆ ನಾಳೆ ಇರುತ್ತಾ? ಎಲ್ಲಿ ಬೇಕು ಹೇಳಪ್ಪ."

ಅಂಚೆಯವನು ಉತ್ತರ ಸಿದ್ಧಮಾಡಿಕೊಂಡೇ ಬಂದಿದ್ದ. "ಎರಡು ಭಾನುವಾರ ಕೆಳಗೆ ಕೂತು ಕಿವಿಗೊಟ್ಟು ಕೇಳಿದ್ದೀನಿ ಟೀಚರಮ್ಮ. ಮಂದ್ರದವರಲ್ಲಿ ಮೂರು, ಐದು, ಎಂಟು, ಹನ್ನೆರಡು, ಈ ನಾಲ್ಕು ಕಡೆ ಯಾರೋ ಉಸಿರು ತಗೊಳ್ತಾರೆ, ಸ್ವಲ್ಪ ಗೊತ್ತಾಗುತ್ತೆ. ಉಳಿದದ್ದರಲ್ಲಿ ನನಗೆ ಒಗ್ಗೋ ಹನ್ನೊಂದು, ಹದಿನೈದು ಎರಡೂ ಖಾಲಿ. ಅಲ್ಲಿ ಯಾರೂ ಉಸಿರಾಡ್ತಿಲ್ಲ. ಎರಡರಲ್ಲಿ ಯಾವುದಾದ್ರೂ ಸರಿ ನನಗೆ. ಹನ್ನೊಂದು ಕೊಟ್ಟುಬಿಡಿ."

ಕೋಣೆಯಲ್ಲಿ ಒಂದು ಕುರ್ಚಿ ಕಿರುಗುಟ್ಟಿತು.

ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು. ಕನ್ನಡಕದವರು ಅದನ್ನು ಒಂದು ಅಳತೆಯನ್ನು ಪರೀಕ್ಷಿಸುವಂತೆ ಮನಸ್ಸಿನಲ್ಲೇ ಪರೀಕ್ಷಿಸಿದರು. ಕೆಳಗೆ ಕೂತು ಕೇಳುವವರಿಗೆ ಸತ್ತ ಅಣ್ಣನಿಗೂ ನಿಂತಿರುವ ತನಗೂ ವ್ಯತ್ಯಾಸವಿಲ್ಲ. ಎರಡು ಕಡೆಯೂ ಸಮತಟ್ಟು. ಇದಕ್ಕೆ ಏನಾದರೂ ಅನ್ನಿಸಬೇಕು ಎಂದು ಅವರು ಕಾದರು. ಅನ್ನಿಸಲಿಲ್ಲ. ತಮ್ಮ ಬಲಗೈ ಚೀಲದೊಳಗೆ ಹೋಗಿ ನಿಲುವಂಗಿಯ ಕಾಲರನ್ನು ಹಿಡಿದುಕೊಂಡಿದೆ ಎಂಬುದು ಮಾತ್ರ ಗಮನಕ್ಕೆ ಬಂತು. ಎದ್ದು ಕೊಟ್ಟುಬಿಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು. ಅಂಗಿಯೂ ಹೋಗುತ್ತದೆ, ಮನೆಗೆ ಆಳೂ ಸಿಕ್ಕ ಹಾಗಾಗುತ್ತದೆ.

"ಹನ್ನೊಂದು ಖಾಲಿ ಇಲ್ಲಪ್ಪ," ಎಂದರು ಬನ್ನಣ್ಣ.

"ಸದ್ದೇ ಕೇಳಲಿಲ್ಲವಲ್ಲ ಸರ್?"

"ಸದ್ದು ಕೇಳಲಿಲ್ಲ ಅಂದ್ರೆ ಮನೆ ಖಾಲಿ ಅಂತಾನಾ? ನೀನು ಕಾಗದ ಹಂಚೋದೂ ಹೀಗೇನಾ, ಬಾಗಿಲು ತೆಗೀಲಿಲ್ಲ ಅಂತ ವಾಪಸ್ ಒಯ್ದುಬಿಡ್ತೀಯಾ?"

"ಇಲ್ಲ ಸರ್, ಬಾಗಿಲ ಸಂದಿಯಲ್ಲಿ ಹಾಕಿ ಬರ್ತೀನಿ."

"ಹಾಂ. ಹಾಗೆ. ಅವರು ಒಳಗಿದ್ದಾರೆ."

ಅಂಚೆಯವನು ಯಾರೆಂದು ತಿಳಿಯದೆ ಸುತ್ತ ನೋಡಿದ. ಯಾರೂ ಕನ್ನಡಕದವರ ಕಡೆ ನೋಡಲಿಲ್ಲ. ಡ್ರೈವರ್ ಕಿಟಕಿಯ ಹೊರಗೆ ಇಣುಕಿ, "ಮೋಡ ಆಗಿದೆ," ಎಂದ.

ಟೀಚರಮ್ಮ ಮಾತ್ರ ನೇರವಾಗಿ ಕನ್ನಡಕದವರ ಮುಂದೆ ಬಂದು ನಿಂತರು. ಚೀಲ ನೋಡಿದರು, ಚೀಲದೊಳಗಿನ ಕೈ ನೋಡಿದರು. ಅದರ ಬಗ್ಗೆ ಕೇಳಲಿಲ್ಲ.

"ಹದಿನೈದು ಇವನಿಗೆ ಕೊಡ್ಲಾ?"

ಇದನ್ನು ಅವರು ನಿರೀಕ್ಷಿಸಿರಲಿಲ್ಲ. ಆ ಮನೆ ತಾನು ಕೊಡುವಂಥದ್ದು ಎಂದು ಅವರಿಗೆ ಹೊಳೆದೇ ಇರಲಿಲ್ಲ.

"ಕೊಡಿ," ಎಂದರು. ಆಮೇಲೆ ಅಂಚೆಯವನ ಕಡೆ ತಿರುಗಿ, "ಅಲ್ಲಿ ಪೂರ್ತಿ ಹದಿನೈದು ಬರೋವರೆಗೆ ಕಾಯಬೇಡಿ. ಅಣ್ಣ ಒಂದು ಚೂರು ಮುಂಚೆನೇ ಎಳ್ಕೋತಿದ್ದ. ಹದಿನಾರಕ್ಕೆ ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕಲ್ಲ, ಅದಕ್ಕೆ ಮೊದಲು ನೀವು ವಾಪಸ್ ಬಂದಿರಬೇಕು."

"ಸರಿ ಸರ್."

"ತಡ ಆದ್ರೆ ಕೊನೆ ಕುಂಟುತ್ತೆ."

"ಸರಿ ಸರ್."

ಏಳು ತಿಂಗಳಲ್ಲಿ ಆ ಕೋಣೆಯಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಬನ್ನಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಅಲ್ಲಿ ಒಲೆಯೂ ಇರಲಿಲ್ಲ, ಹಬೆಯೂ ಇರಲಿಲ್ಲ.

ಕನ್ನಡಕದವರು ಚೀಲದಿಂದ ನಿಲುವಂಗಿ ತೆಗೆದರು. ಎದ್ದು ಹೋಗಿ ಅದನ್ನು ಟೀಚರಮ್ಮನ ಕೈಗೆ ಕೊಡುವುದೆಂದರೆ ನಾಲ್ಕು ಹೆಜ್ಜೆ, ಮೊಳೆಗಳ ಸಾಲಿಗೂ ಅಷ್ಟೇ ದೂರ. ಹೆಂಡತಿ ಕಾಲರನ್ನು ಚೆನ್ನಾಗಿ ತಿಕ್ಕಿದ್ದಳು. ಮುದ್ದೆಯಾಗಬಾರದು ಎಂದುಕೊಂಡು ಅವರು ಅದನ್ನು ತಮ್ಮ ಮೊಳೆಗೆ ತೂಗುಹಾಕಿ, ತೋಳು ನೇರಮಾಡಿ, ಬಂದು ಕೂತರು. ಎದೆಯಲ್ಲಿ ಏನೂ ಅಲುಗಲಿಲ್ಲ. ಗೆರೆ ಇದ್ದಲ್ಲೇ ಇತ್ತು. ಆದರೂ ಹಾಕಿಯಾಯಿತು.

ಹೊಸಬರು ಬಂದ ದಿನ ಎಲ್ಲರ ಮನೆಗಳನ್ನೂ ಹಲಗೆಯ ಮೇಲೆ ಬರೆದು ತೋರಿಸುವುದು ರೂಢಿ. ಟೀಚರಮ್ಮ ಬಳಪ ತೆಗೆದುಕೊಂಡು ಬೆನ್ನು ತಿರುಗಿಸಿ ನಿಂತರು. ಒಬ್ಬೊಬ್ಬರೇ ಕೂಗಿ ಹೇಳಬೇಕು.

"ಮೂರು," ಎಂದರು ವಾಚ್ ರಿಪೇರಿಯವರು.

"ಐದು, ಹನ್ನೆರಡು," ಎಂದರು ಬನ್ನಣ್ಣ. "ನಗಬೇಡಿ. ಎರಡಕ್ಕೂ ಬಾಡಿಗೆ ಕಟ್ತಿದ್ದೀನಿ."

"ಎಂಟು," ಎಂದ ಡ್ರೈವರ್.

"ಹದಿನೈದು," ಎಂದ ಅಂಚೆಯವನು. "ಒಂದು ಚೂರು ಮುಂಚೆ."

ಆಮೇಲೆ ಕನ್ನಡಕದವರ ಸರದಿ. ಅವರು ಬಾಯಿ ತೆರೆಯುವಷ್ಟರಲ್ಲಿ ಟೀಚರಮ್ಮ, ತಿರುಗಿಯೂ ನೋಡದೆ, ಹಲಗೆಯ ಮೇಲೆ ಅವರ ಅಂಕಿ ಬರೆದು ಪಕ್ಕದಲ್ಲಿ ಒಂದು ದುಂಡನೆಯ ಕನ್ನಡಕದ ಚಿತ್ರ ಎಳೆದರು.

ಅಂಚೆಯವನಿಗೆ ನಿಯಮ ಅಂದರೆ ನಿಯಮ. "ಟೀಚರಮ್ಮ, ಎಲ್ಲರೂ ತಮ್ಮ ಬಾಯಿಂದಲೇ ಹೇಳ್ಬೇಕು ಅಂದ್ರಿ. ಅವರು ಹೇಳಲೇ ಇಲ್ಲವಲ್ಲ?"

"ಹೇಳಿದ್ದಾರೆ."

"ಯಾವಾಗ?"

"ನೀನು ಹುಟ್ಟೋಕೆ ಮುಂಚೆ," ಎಂದರು ಟೀಚರಮ್ಮ, ಕೈಯ ಬಳಪದ ಪುಡಿ ಕೊಡವುತ್ತಾ. "ಇಲ್ಲೇ, ನೀನು ನಿಂತಿರೋ ಜಾಗದಲ್ಲೇ ನಿಂತು."

ಅದು ನಿಜ. ಅಂದೂ ಗುರುವಾರ. ಓಡಿಹೋಗದ ಹಾಗೆ ಅಣ್ಣ ಅವರನ್ನು ಭುಜ ಹಿಡಿದು ದಬ್ಬಿಕೊಂಡೇ ಈ ಕೋಣೆಗೆ ತಂದಿದ್ದ. ಟೀಚರಮ್ಮನ ಪೆನ್ಸಿಲ್ ಮುಚ್ಚಳದ ಮೇಲೆ ತಟ್ಟುತ್ತಿತ್ತು. ಹತ್ತರವರೆಗೆ ಹೇಗೋ ಬಂದರು. ಆಮೇಲೆ ಕಣ್ಣು ಕತ್ತಲಿಟ್ಟು, ಸ್ವರ ಮುರಿದು, ಗೋಡೆ ಹಿಡಿದುಕೊಂಡರು. "ಎಲ್ಲಿಗೆ 'ಇನ್ನು ಆಗಲ್ಲ' ಅನ್ನಿಸ್ತು?" ಎಂದು ಟೀಚರಮ್ಮ ಕೇಳಿದರು. ಹಿಂದೆ ನಿಂತ ಅಣ್ಣ, ತನ್ನ ತಮ್ಮ ತನಗಿಂತ ಕಡಿಮೆಯಾಗಬಾರದೆಂದು, "ಲೋ, ಹದಿನೈದು ಅನ್ನು, ಹದಿನೈದು ಅನ್ನು," ಎಂದು ಕಿವಿಯಲ್ಲಿ ಪಿಸುಗುಟ್ಟುತ್ತಲೇ ಇದ್ದ. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ತಲೆ ಎತ್ತಿ, ಕಿಟಕಿಯ ಗಾಜು ಗುಂಯ್ ಅನ್ನುವಂಥ ಧ್ವನಿಯಲ್ಲಿ ಹೇಳಿದ್ದರು:

"ಹನ್ನೊಂದು."